ಹನ್ನೆರಡು ತತ್ತಿಯ ಜಾಗ

ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಹೈದರಾಬಾದಿನಲ್ಲಿ ಸರಕಾರಿ ಗುಮಾಸ್ತರಿಗೆ ಅಷ್ಟು ಸಿಕ್ಕಿದ್ದೇ ಪುಣ್ಯ. ಹಿಂದೆ ಗೇಣಗಲ ಹಿತ್ತಿಲೂ ಇದೆಯೆಂಬುದು ನಮ್ಮ ಹೆಮ್ಮೆ. ರಾಯಚೂರು ಕಡೆಯ ಹಳ್ಳಿಯಿಂದ ಅವ್ವ ಬಂದಾಗಲೆಲ್ಲ ಕೈಚೀಲ ಕೆಳಗಿಡುವ ಮೊದಲೇ, “ನಿಮ್ಮ ಮನ್ಯಾಗ ನನಗ ಜಾಗ ಎಲ್ಲೈತಪ್ಪ? ನಾಳೆ ಹೋಗತೀನಿ” ಎನ್ನುವಳು. ನಾವು ಬಾಯಿಮಾತಿಗೆ “ಇರು ಯವ್ವ” ಎನ್ನುವೆವು. ಮರುದಿನ ಅವಳು ಹೊರಡುವಳು. ಇದು ಎಂಟು ವರುಷದ ಪದ್ಧತಿ.

ಈ ಸಲ ಶಿವರಾತ್ರಿಯ ಮರುದಿನ ಅವ್ವ ಜೋಳ ತುಂಬಿದ ಬುಟ್ಟಿಯನ್ನು ಕೂಸಿನಂತೆ ಸೊಂಟಕ್ಕಿಟ್ಟುಕೊಂಡು ಬಸ್ಸಿಳಿದಳು. ಜೋಳದೊಳಗೆ ೧೯ ಜವಾರಿ ತತ್ತಿ! ಕಾಡುಬೆಕ್ಕು ಗೂಡು ಹೊಕ್ಕು, ಮೂರು ಹೇಂಟೆ ಒಂದು ಹುಂಜ ಬಿಟ್ಟು ಉಳಿದುವನ್ನೆಲ್ಲ ಮುಗಿಸಿತ್ತಂತೆ. ಉಳಿದ ಹೇಂಟೆಗಳು ತತ್ತಿ ಇಡುತ್ತಿದ್ದವು. ಕಾವಿಗೆ ಮಾತ್ರ ಕೂಡಲೊಲ್ಲವು. ಮಗನ ಹಟಕ್ಕೆ ನಾವು ಬೋನಸ್ಸಿನಲ್ಲಿ ಇನ್‌ಕ್ಯುಬೇಟರ್ ಕೊಂಡ ಸುದ್ದಿ ಅವ್ವನಿಗೆ ತಿಳಿದಿತ್ತು.

ನಾವು ಪದವೀಧರರಲ್ಲವೆ? ಇಲ್ಲಿಯ ರಾಜೇಂದ್ರನಗರದ ಕೋಳಿ ಸಂಶೋಧನ ಕೇಂದ್ರದಲ್ಲಿ ವನರಾಜ, ಗ್ರಾಮಪ್ರಿಯ ಎಂಬ ಒಳ್ಳೆಯ ತಳಿಗಳನ್ನು ರೂಪಿಸಿದ್ದಾರೆ, ಅವುಗಳ ಮರಿ ಕೊಂಡರಾಯಿತೆಂದು ಉಪದೇಶಿಸಿದೆವು.

“ಕೋಳಿ ಸಿಗತಾವಪ್ಪ. ನನ್ನ ಮದಿವ್ಯಾಗ ನಮ್ಮವ್ವ ಕೊಟ್ಟ ಹೇಂಟಿ ಸಂತಾನ ಸಿಗತೈತೇನು?”

ಇದಕ್ಕೆ ಬಿ.ಎ.ಯಲ್ಲಿ ಉತ್ತರವಿರಲಿಲ್ಲ.

ನಮ್ಮ ಪೆಟ್ಟಿಗೆ ಹಿಡಿಸುವುದು ಹನ್ನೆರಡೇ. ಪ್ರಯಾಣ ಮಾಡಿದ ತತ್ತಿಗಳನ್ನು ಚೂಪುತುದಿ ಕೆಳಗಾಗಿ ಒಂದು ದಿನ ನಿಲ್ಲಿಸಿ, ಅತ್ತೆ-ಸೊಸೆಯರ ಆಯ್ಕೆ ಸಮಿತಿ ಕುಳಿತಿತು. ಕೊಳೆಯಾದುದು, ಸೀಳಿದುದು, ತೀರ ದೊಡ್ಡದು, ತೀರ ಚಿಕ್ಕದು ಹಿಂದೆ ಸರಿದವು. ಹನ್ನೆರಡು ಒಳಗೆ ಹೋದವು. ಏಳು ತಣ್ಣನೆಯ ಮೂಲೆಯ ಮಡಕೆಯಲ್ಲಿ ಉಳಿದವು. ಶಾಖ ೩೭.೫ ಡಿಗ್ರಿ, ಗಾಳಿಯ ತೇವ ೫೦ರ ಸುಮಾರು, ದಿನಕ್ಕೆ ಐದು ಸಲ ಹೊರಳಿಸುವುದು. ನಾವು ಕಚೇರಿಗೆ, ನಮ್ಮ ಶ್ರೀಮತಿ ಶಾಲೆಗೆ ಹೋದರೆ ಹೊರಳಿಸುವವರು ಯಾರು? “ಮೂರು ದಿನ ಇರತೀನಿ” ಎಂದಳು ಅವ್ವ. ಅಕ್ಕಿಯ ಚೀಲವನ್ನು ಅಡಿಗೆಮನೆಗೆ ಸರಿಸಿ, ಆ ಮೂಲೆಯಲ್ಲಿ ಪೆಟ್ಟಿಗೆಯ ಪಕ್ಕ ಅವಳ ಹಾಸಿಗೆ ಹಾಸಿದೆವು.

ಏಳನೆಯ ರಾತ್ರಿ ದೀಪವಾರಿಸಿ, ಒಂದೊಂದು ತತ್ತಿಗೂ ಟಾರ್ಚ್ ಹಿಡಿದೆವು. ಒಂಬತ್ತರಲ್ಲಿ ಜೇಡರ ಬಲೆಯಂತೆ ಕೆಂಪು ನರಗಳು, ಮೂರು ಬರಡು. ಮೂರು ಹುದ್ದೆ ಖಾಲಿ! ಖಾಲಿ ಹುದ್ದೆ ತುಂಬದಿರುವುದು ಕಚೇರಿಯ ರೂಢಿ; ಮನೆಯಲ್ಲಾದರೂ ತುಂಬೋಣವೆಂದು ಮಡಕೆಯಿಂದ ಮೂರನ್ನು ತೆಗೆದೆವು.

“ಬ್ಯಾಡಪ್ಪ,” ಎಂದಳು ಅವ್ವ. “ಹೇಂಟಿ ದಿನಕ್ಕೊಂದು ಇಡತೈತಿ, ಆದರ ಎಲ್ಲಾ ಇಟ್ಟು ಮುಗಿಯೂತನಕ ಕಾವಿಗೆ ಕೂಡೂದಿಲ್ಲ. ಎಲ್ಲಾ ಕೂಡೇ ಒಡೀಬೇಕು.” ನಾವು ಕೇಳಲಿಲ್ಲ.

ಹದಿನೆಂಟನೆಯ ದಿನ ಹತ್ತಿರ ಬಂದಂತೆ ಅವಳ ಮಾತಿನ ಅರ್ಥವಾಯಿತು. ಮರಿಯಾಗುವ ಕಡೆಯ ಮೂರು ದಿನ ತತ್ತಿಯನ್ನು ಹೊರಳಿಸಬಾರದು, ಮುಚ್ಚಳ ತೆರೆಯಬಾರದು, ತೇವ ೬೫ಕ್ಕೂ ಮೇಲಿರಬೇಕು. ಇಲ್ಲವಾದರೆ ಒಳಪೊರೆ ಒಣಗಿ ಮರಿ ಸಿಕ್ಕಿಕೊಳ್ಳುತ್ತದೆ. ಹಿಂದೆ ಸೇರಿದ ಮೂರಕ್ಕೋ ಹೊರಳುವುದು ಬೇಕು, ಅಷ್ಟು ತೇವ ಬೇಡ. ಒಂದೇ ಮನೆಯಲ್ಲಿ ಎರಡು ಸಂಸಾರ! ಥರ್ಮೋಕೋಲ್ ಡಬ್ಬಿ ತಂದು, ಗಾಳಿಗೆ ರಂಧ್ರ ಕೊರೆದು, ೪೦ ವ್ಯಾಟಿನ ಬಲ್ಬು, ಶಾಖ ನಿಯಂತ್ರಕ, ನೀರಿನ ಬಟ್ಟಲು ಇಟ್ಟು, ಒಂದು ರಾತ್ರಿ ಹಗಲು ಬರಿದೇ ಉರಿಸಿ ನೋಡಿ, ಒಂಬತ್ತನ್ನು ಅಲ್ಲಿಗೆ ಒಕ್ಕಲೆಬ್ಬಿಸಿದೆವು. ಆ ರಾತ್ರಿ ಯಾರಿಗೂ ನಿದ್ದೆಯಿಲ್ಲ. ಅವಳ ತವರಿನ ಬಳುವಳಿ ನಮ್ಮ ಒಂದು ಬಲ್ಬನ್ನು ನಂಬಿ ಕುಳಿತಿತ್ತು.

ಇಪ್ಪತ್ತೊಂದನೆಯ ದಿನ ಏಳು ಮರಿ ಹೊರಬಂದವು. ಎರಡು ಒಳಗೇ ತೀರಿದವು. ಅವ್ವ ಎಣಿಸಿ, ಮತ್ತೊಮ್ಮೆ ಎಣಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹಿಂದಿನ ಮೂರರಲ್ಲಿ, ವಾರ ಕಳೆದು, ಒಂದೇ ಒಡೆಯಿತು. ಮಡಕೆಯಲ್ಲಿ ಬಹಳ ದಿನವಿದ್ದ ತತ್ತಿಗೆ ಜೀವ ಹಿಡಿಯುವುದು ಕಡಿಮೆ. ಆ ಒಂಟಿ ಮರಿಯನ್ನು ವಾರದ ಹಿರಿಯರಾದ ಏಳೂ ಕುಕ್ಕಿ ಕಾಳಿನಿಂದ ದೂರ ನೂಕಿದವು. ಅವ್ವ “ನಾ ಹೇಳಿದ್ದೆ” ಎನ್ನಲಿಲ್ಲ. ಅದನ್ನು ಬೇರೆ ಇಟ್ಟು, ಬೇರೆ ಉಣಿಸಿ, ಸೆರಗಿನಲ್ಲಿ ಮಲಗಿಸಿ ಸಾಕಿದಳು.

ಮೂರು ದಿನಕ್ಕೆಂದು ನಿಂತವಳು ಹೊರಟದ್ದು ನಲವತ್ತನೆಯ ದಿನ, ಉಗಾದಿ ಕಳೆದ ಮೇಲೆ. ಏಳು ಮರಿ ಬುಟ್ಟಿಯಲ್ಲಿ, ಎಂಟನೆಯದು ಕೈಚೀಲದಲ್ಲಿ. ಈ ಸಲ ಜಾಗದ ಮಾತು ಅವಳೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಆ ಸಂಜೆ ಶ್ರೀಮತಿ ಅಕ್ಕಿಯ ಚೀಲವನ್ನು ಹಳೆಯ ಮೂಲೆಗೆ ಎಳೆಯಲು ಹೋದಳು. “ಅಡಿಗೆಮನೆಯಾಗ ಇರಲಿ ಬಿಡು” ಎಂದೆವು. ಚೀಲ ಇನ್ನೂ ಅಲ್ಲಿಯೇ ಇದೆ.