ಹಸಿ ಕಾಳಿನ ಲೆಕ್ಕ

ರೈತನ ಪಟ್ಟಿಯಲ್ಲಿ ದಲಾಲಿ ಮುರಿಯುವಂತಿಲ್ಲ, ಅದನ್ನು ಖರೀದಿದಾರರೇ ಕೊಡಬೇಕು ಎಂಬ ಎಪಿಎಂಸಿ ನಿಯಮ ನನಗೆ ಬಾಯಿಪಾಠ. ಹರಿಹರ ತಾಲ್ಲೂಕಿನ ನಮ್ಮೂರ ಕಟ್ಟೆಯ ಮೇಲೆ ಕೂತು, ‘ಬಿಳಿ ಚೀಟಿ ಯಾಕೆ ತಗೊಂತೀರಿ, ಬಿಲ್ಲು ಕೇಳ್ರಿ’ ಎಂದು ಹಿರಿಯರಿಗೂ ಹೇಳುತ್ತಿದ್ದೆ. ಅಪ್ಪ ತೀರಿಕೊಂಡ ವರ್ಷ ಮೊದಲ ಸಲ ನಾನೇ ಮೆಕ್ಕೆಜೋಳ ಹೇರಿಕೊಂಡು ದಾವಣಗೆರೆಗೆ ಹೊರಟೆ.

ಕಟಾವಿಗೆ ಮಳೆ ಹಿಡಿದಿತ್ತು. ‘ಬಿಸಿಲು ಬರಲಿ, ತಡಿ’ ಎಂದಳು ಅವ್ವ. ಗೊಬ್ಬರದಂಗಡಿಯ ಬಾಕಿ ತಡೆಯಗೊಡಲಿಲ್ಲ. ಒಣಗಿಸಲು ಕಣವಾದರೂ ಎಲ್ಲಿತ್ತು? ನಮ್ಮ ಕಡೆ ಎಷ್ಟೋ ಜನಕ್ಕೆ ಈಗ ಹೆದ್ದಾರಿಯ ಸರ್ವಿಸ್ ರಸ್ತೆಯೇ ಕಣ.

ಮಾರುಕಟ್ಟೆಯಲ್ಲಿ ಹುಡುಗನೊಬ್ಬ ಚೀಲದ ತಳಕ್ಕೆ ಕೈ ಹಾಕಿ ಹಿಡಿ ಕಾಳು ತೆಗೆದು ತೇವಾಂಶ ಮಾಪಕಕ್ಕೆ ಸುರಿದ. ‘ಹಸಿ ಐತಣ್ಣ, ಇಪ್ಪತ್ತೆರಡು.’ ಬೆಂಬಲ ಬೆಲೆ ಖರೀದಿಗೆ ಶೇ 14 ಮೀರಬಾರದು. ರೇಟು ಇಳಿಯಿತು. ತೂಕಕ್ಕೆ ಇಟ್ಟಾಗ ಅದೇ ಹಸಿಯ ಹೆಸರಿನಲ್ಲಿ ಮತ್ತೆ ಸೂಟು ಎಂದು ತೂಕವನ್ನೂ ಮುರಿದರು. ಮೇಲೆ ದಲಾಲಿ, ಹಮಾಲಿ. ಬಾಡಿಗೆ ಟ್ರ್ಯಾಕ್ಟರಿನವನು ‘ಲಗೂನ ಇಳಿಸ್ರಿ, ಇನ್ನೊಂದು ಲೋಡ್ ಐತಿ’ ಎನ್ನುತ್ತಿದ್ದ. ಕಾಳು ಆಗಲೇ ಹುಳಿ ವಾಸನೆ ಹೊಡೆಯುತ್ತಿತ್ತು. ಬಿಲ್ಲು ಕೇಳಲು ಬಾಯಿ ಬರಲಿಲ್ಲ. ಬಿಳಿ ಚೀಟಿ ಮಡಚಿ ಜೇಬಿಗಿಟ್ಟೆ. ಕಟ್ಟೆಯ ಮೇಲೆ ನನ್ನ ಉಪದೇಶ ಕೇಳಿದ್ದ ಹಿರಿಯರೊಬ್ಬರು ಪಕ್ಕದಲ್ಲೇ ಇದ್ದರು. ಒಂದು ಮಾತೂ ಆಡದೆ ಚೀಲ ಇಳಿಸಲು ಕೈಜೋಡಿಸಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮನೆಗೆ ಬಂದು ಲೆಕ್ಕ ಹಾಕಿದೆ. ಶೇ 22 ತೇವಾಂಶದ ಒಂದು ಕ್ವಿಂಟಲ್ ಕಾಳು ಶೇ 14ಕ್ಕೆ ಒಣಗಿದರೆ ಹತ್ತಿರ ಹತ್ತಿರ 91 ಕೆ.ಜಿ. ಉಳಿಯುತ್ತದೆ. ಒಂಬತ್ತು ಕೆ.ಜಿ. ನೀರಿಗೆ ದುಡ್ಡು ಮುರಿದರೆ ಯಾರೂ ತಕರಾರು ಮಾಡರು. ಮುರಿದದ್ದು ಎರಡು ಸಲ: ರೇಟಿನಲ್ಲೊಮ್ಮೆ, ತೂಕದಲ್ಲೊಮ್ಮೆ.

ಆ ಹಿರಿಯರಿಗೆ ನಿಯಮ ಗೊತ್ತಿರಲಿಲ್ಲವೆಂದು ನಾನು ತಿಳಿದಿದ್ದೆ. ಅವರಿಗೆ ಇಲ್ಲದ್ದು ಕಾಯುವ ತಾಕತ್ತು. ಹಸಿ ಕಾಳು, ಬಾಡಿಗೆ ಗಾಡಿ, ತಲೆಮೇಲಿನ ಬಾಕಿ ಇಟ್ಟುಕೊಂಡು ಯಾರು ತಾನೇ ಚೌಕಾಸಿ ಮಾಡಿಯಾರು? ಗೋದಾಮಿನಲ್ಲಿಟ್ಟು ಅಡಮಾನ ಸಾಲ ತೆಗೆಯಬಹುದು, ನಿಜ. ಅದಕ್ಕೂ ಕಾಳು ಒಣಗಿರಬೇಕು. ಈಗ ಕಟ್ಟೆಯ ಮೇಲೆ ನಿಯಮದ ಮಾತು ಕಡಿಮೆ ಮಾಡಿದ್ದೇನೆ. ಊರಿಗೊಂದು ಸಿಮೆಂಟ್ ಕಣ, ಸೊಸೈಟಿಯಲ್ಲೊಂದು ತೇವಾಂಶ ಮಾಪಕ ಬೇಕೆಂದು ಅರ್ಜಿ ಬರೆದೆವು. ಮೊದಲ ಸಹಿ ಆ ಹಿರಿಯರದೇ.