ಅತ್ತಿಯವರ ಜೋಡಿ ಅಬುಧಾಬಿ ಮಸೂತಿಗೆ

ಶೇಖ್ ಜಾಯೆದ್ ಮಸೂತಿ ನೋಡಿ ಬಂದ ಮ್ಯಾಲೆ ಫೋನಿನ್ಯಾಗ ನೀವೆಲ್ಲಾ ಕೇಳಿದ್ದು ಒಂದ ಮಾತು, "ಅತ್ತಿಯವರು ಬುರ್ಖಾ ಹಾಕ್ಕೊಂಡ್ರೇನು?" ಹಾಕ್ಕೊಂಡ್ರವಾ, ಖುಷಿಲೇ ಹಾಕ್ಕೊಂಡ್ರು. ಬುರ್ಖಾ ಅಲ್ಲ ಅದು, ಅಬಾಯಾ. ಉದ್ದನ್ನ ಕರಿ ನಿಲುವಂಗಿ, ಸೀರಿ ಮ್ಯಾಲೇ ಹಾಕ್ಕೋಬಹುದು. ಅಲ್ಲಿ ಹೆಣ್ಣುಮಕ್ಕಳು ತಲಿ, ತೋಳು, ಕಾಲು ಮುಚ್ಚೂವಂಥಾ ಸಡ್ಲ ಅರಿವಿ ಹಾಕ್ಕೋಬೇಕು, ಮಾರಿ ಮುಚ್ಚಬೇಕಂತಿಲ್ಲ. ನನ್ನ ಮಗಳ ಬಾಜೂಮನಿ ಕೇರಳದಾಕಿ ತನ್ನವ ಎರಡು ಕೊಟ್ಟಿದ್ಳು. "ಮಠಕ್ಕ ಹೋಗೂಮುಂದ ತಲಿ ಮ್ಯಾಲೆ ಸೆರಗು ಹೊದಿತೀವಿಲ್ಲೋ, ಇದೇನು ಹೊಸಾದು?" ಅಂದ್ರು ಅತ್ತಿ. ಹಣಿ ಮ್ಯಾಗಿನ ವಿಭೂತಿ ಬಗ್ಗೆ ಯಾರೂ ಒಂದು ಮಾತು ಕೇಳಲಿಲ್ಲ.

ಒಳಗ ಹೋಗಾಕ ರೊಕ್ಕ ಇಲ್ಲ, ಮೊದಲ ಹೆಸರು ಬರಸಬೇಕು ಅಷ್ಟ. ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಮಾತ್ರ ಹೋಗಬ್ಯಾಡ್ರಿ, ನೋಡಾಕ ಬಂದವರನ್ನ ಬಿಡೂದಿಲ್ಲ. 82 ಗುಮ್ಮಟ ಅದಾವು, ಎಲ್ಲಾ ಹಾಲಿನಂಗ ಬಿಳೇವು. ಅಂಗಳದ ಬಿಳಿ ಕಲ್ಲಿನ್ಯಾಗ ಬಣ್ಣದ ಕಲ್ಲು ಕೂಡ್ಸಿ ಹೂವು ಬಳ್ಳಿ ತಗದಾರ.

ಅತ್ತಿಯವರ ತವರುಮನಿ ಇಳಕಲ್ಲು, ಮಗ್ಗದ ಮನಿ. ಅವರ ಕಣ್ಣು ಗುಮ್ಮಟದ ಮ್ಯಾಲೆ ಎಲ್ಲಿಂದ ನಿಲ್ಲಬೇಕು! ಒಳಗ ಹಾಸಿದ ಜಮಖಾನಿ ನೋಡಿ ನಿಂತ ಬಿಟ್ರು. ಇರಾನಿನ ಸುಮಾರು 1,200 ಮಂದಿ ಕೈಲೇ ನೇಯ್ದದ್ದು, 5,627 ಚದರ ಮೀಟರು. ನಮಾಜಿಗೆ ಸಾಲು ಹಿಡಿದು ನಿಲ್ಲಾಕ ಅದರಾಗ ತೆಳ್ಳಗ ಗೆರಿನೂ ಮಾಡ್ಯಾರ. ಮುಟ್ಟಿ ನೋಡಬೇಕಂತ ಅತ್ತಿಗೆ ಭಾಳ ಆಸೆ. ಆದ್ರ ನೋಡವರಿಗೆ ಬ್ಯಾರೆ ದಾರಿ, ಅದನ್ನ ಬಿಟ್ಟು ಇಳಿಯೂಹಂಗಿಲ್ಲ. ಮಕ್ಕಾದ ದಿಕ್ಕಿನ ಗ್ವಾಡಿ ಮ್ಯಾಲೆ ಅಲ್ಲಾಹನ 99 ಹೆಸರು ಬರದಾರ ಅಂದೆ. ಕೇಳಿದ್ರು, ಮತ್ತ ಜಮಖಾನಿ ಕಡೆನ ನೋಡಿದ್ರು.

ಹೊರಗ ಬಂದ್ರ ಬಾಜೂಕ ಶೇಖ್ ಜಾಯೆದ್ ಅವರ ಗೋರಿ. ಈ ಮಸೂತಿ ಕಟ್ಟಸಾಕ ಹಚ್ಚಿದವರು ಅವರ, 2004ರಾಗ ತೀರಿಕೊಂಡ್ರು. ಮಸೂತಿ ಬಾಗಲಾ ತೆರದದ್ದು 2007ಕ್ಕ. ಅಲ್ಲಿ ಫೋಟೋ ತಗಿಯೂಹಂಗಿಲ್ಲ. ಒಳಗ ಕುರಾನ್ ಓದೂ ದನಿ ಕೇಳಸ್ತಿತ್ತು.

ನನಗ ಅಂಜಿಕಿ ಇದ್ದದ್ದು ಇಲ್ಲೇ. ಹುಬ್ಬಳ್ಳಿ ಸಿದ್ಧಾರೂಢರ ಗದ್ದಿಗಿ ಮುಂದ ಹಣಿ ಹಚ್ಚದ ಎದ್ದವರಲ್ಲ ನಮ್ಮ ಅತ್ತಿ. ಕೈ ಎತ್ತಾಕ ಹೋಗಿ ನನ್ನ ಮಾರಿ ನೋಡಿದ್ರು. "ಅಡ್ಡ ಬೀಳ್ಲೇನು?"

"ಬ್ಯಾಡ್ರಿ ಅತ್ತಿ. ಇವರು ದೇವರ ಒಬ್ಬಂಗ ತಲಿ ಬಾಗಸ್ತಾರ, ಗೋರಿಗೆ ಅಲ್ಲ."

ಸಿಟ್ಟಿಗೇಳ್ತಾರೇನೋ ಅಂದ್ಕೊಂಡಿದ್ದೆ. ಕೈ ಅಬಾಯಾದೊಳಗ ಇಟ್ಕೊಂಡು, ಕಣ್ಣು ಮುಚ್ಚಿ, ದನಿ ಕೇಳ್ಕೋತ ನಿಂತ್ರು. ಹಿಂದಿನವರು ಮುಂದ ಹೋದ್ರು, ಇನ್ನೊಂದಿಷ್ಟು ಮಂದಿ ಬಂದ್ರು. ನಾ ಕರೀಲಿಲ್ಲ.

ಕಾರಿನ್ಯಾಗ ಕುಂತ ಮ್ಯಾಲೆ ಕೇಳಿದ್ರು, "ರಾತ್ರಿನೂ ಓದ್ತಾರೇನು?"

"ಹೌದಂತ್ರಿ, ಹಗಲೂ ರಾತ್ರಿ."

"ಪಾಳಿ ಹಚ್ಚಿರಬೇಕು ಪಾಪ," ಅಂದ್ರು.