ಎಸ್.ಪಿ. ರಸ್ತೆಯಲ್ಲಿ ಟೆಲಿವಿಷನ್ ವ್ಯಾಪಾರ

ಬೆಂಗಳೂರಿನ ಪೇಟೆಗೂ ವಿದ್ಯುಚ್ಛಕ್ತಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ಶಕ್ತಿಯು 1905ರಲ್ಲಿ ತಂತಿಯ ಮೇಲೆ ಹರಿದುಬಂದಾಗ, ಇಂದಿನ ಕೃಷ್ಣರಾಜೇಂದ್ರ ಮಾರುಕಟ್ಟೆಯ ಪರಿಸರದಲ್ಲಿ ಬೀದಿದೀಪಗಳು ಬೆಳಗಿದವು. ಆ ಮಾರುಕಟ್ಟೆಗೂ ಟೌನ್ ಹಾಲಿಗೂ ಕಾಲ್ನಡಿಗೆಯ ದೂರದಲ್ಲಿರುವ ಸಾದರ ಪತ್ರಪ್ಪ ರಸ್ತೆಯು ಇಂದು ವಿದ್ಯುತ್ತಿನ ಮಕ್ಕಳು ಮೊಮ್ಮಕ್ಕಳೆಲ್ಲ ಮಾರಾಟಕ್ಕೆ ಕುಳಿತ ಬೀದಿ. ಜನರ ಬಾಯಲ್ಲಿ ಅದು ಎಸ್.ಪಿ. ರೋಡ್.

ಮೆಟ್ರೋ ರೈಲಿನಿಂದ ಇಳಿದು ಬರುವವರಿಗೆ ಮೊದಲು ಎದುರಾಗುವುದು ಜನಜಂಗುಳಿ. ತಲೆಯ ಮೇಲೆ ಪೆಟ್ಟಿಗೆ ಹೊತ್ತ ಕೂಲಿಯವರು, ಇದ್ದಷ್ಟು ಸಂದಿನಲ್ಲೇ ನುಸುಳುವ ಸ್ಕೂಟರುಗಳು, ಸುರುಳಿ ಸುರುಳಿಯಾಗಿ ತೂಗುವ ತಂತಿಗಳು. ಗೇಣುದ್ದದ ಅಂಗಡಿಯೊಂದರಲ್ಲಿ ಕಂಪ್ಯೂಟರಿನ ಬಿಡಿಭಾಗಗಳು. ಮಗ್ಗುಲಲ್ಲೇ ಕೆಟ್ಟ ರಿಮೋಟಿಗೆ ಬದಲು ರಿಮೋಟು. ಇವುಗಳ ನಡುವೆ ಹಗಲಲ್ಲೂ ಕಣ್ಣು ಕುಕ್ಕುವಂತೆ ಉರಿಯುವ ಟೆಲಿವಿಷನ್ನುಗಳ ಸಾಲು. ಭಾನುವಾರ ಬಹುಪಾಲು ಅಂಗಡಿಗಳಿಗೆ ರಜೆ. ಆದುದರಿಂದ ಶನಿವಾರ ಇಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ.

ಇಪ್ಪತ್ತು ಸಾವಿರ ರೂಪಾಯಿಗಳನ್ನು ಕೂಡಿಟ್ಟು ಬಂದ ಗೃಹಸ್ಥನಿಗೆ ಇದು ವಿನೋದದ ವಿಹಾರವಲ್ಲ. ಒಮ್ಮೆ ಕೊಂಡ ಸೆಟ್ಟು ಹಲವು ವರ್ಷ ಮನೆಯ ಗೋಡೆಯನ್ನು ಬಿಟ್ಟು ಕದಲದು. ಮಕ್ಕಳ ಕ್ರಿಕೆಟ್ಟು, ಗೃಹಿಣಿಯ ಧಾರಾವಾಹಿ, ಮಂಚದ ಮೇಲಿಂದಲೇ ನೋಡುವ ಅಜ್ಜಿಯ ಭಕ್ತಿಗೀತೆ, ಎಲ್ಲವೂ ಅದರಲ್ಲೇ ಆಗಬೇಕು. ಹೀಗಿರುವಾಗ ಅಂಗಡಿಯವನ ಮೊದಲ ಪ್ರಶ್ನೆ ಬರುತ್ತದೆ: “ಬನ್ನಿ ಸಾರ್, ಎಷ್ಟು ಇಂಚು ಬೇಕು?”

ಉತ್ತರವು ಅಂಗಡಿಯಲ್ಲಿಲ್ಲ, ಮನೆಯಲ್ಲಿದೆ. ಗೋಡೆಯಿಂದ ಕುರ್ಚಿಗೆ ಎಷ್ಟು ಅಡಿ ಎಂದು ಅಳೆದು ಬಂದವನೇ ಇಲ್ಲಿ ಜಾಣ. ಇಂಚೆಂಬುದು ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಹಿಡಿದ ಅಳತೆ. 32ಕ್ಕೂ 43ಕ್ಕೂ ಅಂತರ ಹನ್ನೊಂದೇ ಇಂಚು ಎನಿಸಿದರೂ, ಎರಡನೆಯದರ ವಿಸ್ತೀರ್ಣವು ಮೊದಲನೆಯದರ ಸುಮಾರು 1.8 ಪಟ್ಟು.

ಇನ್ನು ಸ್ಪಷ್ಟತೆಯ ಮಾತು. ಚಿತ್ರವೆಲ್ಲ ಚುಕ್ಕಿಗಳ ಕಸೂತಿಯೇ. ‘ಎಚ್.ಡಿ. ರೆಡಿ’ ಎನಿಸಿದ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕಿಗಳು, ‘ಫುಲ್ ಎಚ್.ಡಿ.’ಯಲ್ಲಿ 1920 ಮತ್ತು 1080. ‘4ಕೆ’ಯಲ್ಲಿ 3840 ಮತ್ತು 2160. ಆದರೆ ಕಣ್ಣಿಗೂ ಒಂದು ಮಿತಿಯುಂಟು. 32 ಇಂಚಿನ ಎಚ್.ಡಿ. ರೆಡಿ ಸೆಟ್ಟನ್ನು ಆರು ಅಡಿಗಿಂತ ದೂರದಿಂದ ನೋಡುವ ಸಾಮಾನ್ಯ ದೃಷ್ಟಿಗೆ ಚುಕ್ಕಿಗಳು ಬೇರೆ ಬೇರೆಯಾಗಿ ಕಾಣಿಸವು. 43 ಇಂಚಿನ ಫುಲ್ ಎಚ್.ಡಿ.ಗೂ ಹೆಚ್ಚುಕಡಮೆ ಅದೇ ದೂರ. ಅದೇ ಗಾತ್ರದ 4ಕೆಯ ನಯವನ್ನು ಪೂರ್ತಿಯಾಗಿ ಸವಿಯಬೇಕಾದರೆ ಮೂರಡಿಯೊಳಗೆ ಬಂದು ಕೂರಬೇಕು! ಎಂಟಡಿ ದೂರದ ದಿವಾನದ ಮೇಲೆ ಕುಳಿತು ನೋಡುವ ಸಂಸಾರವು ಆ ಚುಕ್ಕಿಗಳಿಗಾಗಿ ಹೆಚ್ಚು ಹಣ ತೆರುವುದು ಅನಾವಶ್ಯಕ. ಅಂಗಡಿಯಲ್ಲಿ ಎಲ್ಲರೂ ಎರಡಡಿ ದೂರದಲ್ಲಿ ನಿಂತು ನೋಡುತ್ತಾರೆ. ಮೋಸ ಹೋಗುವುದು ಅಲ್ಲಿಯೇ.

ಪಾತ್ರೆ ದೊಡ್ಡದಾದ ಮಾತ್ರಕ್ಕೆ ಹಾಲು ಹೆಚ್ಚಾಗದು. ದೂರದರ್ಶನವು 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ಎಚ್.ಡಿ.ಯಲ್ಲಿ ಬಿತ್ತರಿಸಿತು. ಕನ್ನಡದ ಕೆಲವು ಮನರಂಜನೆಯ ವಾಹಿನಿಗಳೂ ಈಗ ಆ ರೂಪದಲ್ಲಿ ಬರುತ್ತಿವೆ. ಆದರೆ ಮನೆಯ ಸೆಟ್-ಟಾಪ್ ಬಾಕ್ಸು ಹಳೆಯ ಮಾದರಿಯದಾದರೆ ಹೊಸ ಪರದೆಯು ಹಳೆಯ ಚಿತ್ರವನ್ನೇ ಹಿಗ್ಗಿಸಿ ಮಸುಕುಮಸುಕಾಗಿ ತೋರಿಸೀತು. ಎಚ್.ಡಿ. ಬಾಕ್ಸು, ಎಚ್.ಡಿ.ಎಂ.ಐ. ತಂತಿ, ತಿಂಗಳ ಚಂದಾ, ಇವನ್ನೂ ಲೆಕ್ಕಕ್ಕೆ ಸೇರಿಸಿಕೊಂಡೇ ಹಣದ ಗಂಟು ಬಿಚ್ಚುವುದು ಲೇಸು.

ಅಂಗಡಿಯ ಪರದೆಯ ಮೇಲೆ ಮಂದಗತಿಯಲ್ಲಿ ಅರಳುವ ಹೂವು, ರೆಕ್ಕೆ ಬಡಿಯುವ ಗಿಳಿ ಯಾವ ಸೆಟ್ಟಿನಲ್ಲಾದರೂ ಚೆಂದವೇ. ಅದನ್ನು ನಿಲ್ಲಿಸಿ ಒಂದು ವಾರ್ತಾ ವಾಹಿನಿಯನ್ನೋ ಕ್ರಿಕೆಟ್ ಆಟವನ್ನೋ ಹಾಕಿಸಬೇಕು. ಅಂಗಡಿಗೆಂದು ಏರಿಸಿದ ಬೆಳಕನ್ನು ಇಳಿಸಿ ಮನೆಯ ಬೆಳಕಿಗೆ ತರಿಸಬೇಕು. ಬಳಿಕ ಪಕ್ಕಕ್ಕೆ ಸರಿದು ಓರೆಯಿಂದ ನೋಡಬೇಕು. ಐ.ಪಿ.ಎಸ್. ಎಂಬ ಬಗೆಯ ಪರದೆಯು ಓರೆನೋಟಕ್ಕೂ ಬಣ್ಣವನ್ನು ಉಳಿಸಿಕೊಳ್ಳುತ್ತದೆ, ವಿ.ಎ. ಎಂಬುದರಲ್ಲಿ ಕಪ್ಪು ಗಾಢ, ಆದರೆ ಪಕ್ಕದಿಂದ ಬಣ್ಣ ಕಳೆಗುಂದುವುದುಂಟು. ಮೂಲೆಯ ಮಂಚದಲ್ಲಿರುವ ಅಜ್ಜಿಯ ನೆನಪು ಈ ಹೊತ್ತಿನಲ್ಲಿ ಬರುವುದು ಒಳ್ಳೆಯದು. ಸೆಟ್ಟು ತೆಳುವಾದಷ್ಟೂ ಅದರ ದನಿ ಕ್ಷೀಣವಾಗುವ ಸಂಭವವಿರುವುದರಿಂದ ಕಣ್ಣಿನೊಡನೆ ಕಿವಿಯನ್ನೂ ಪರೀಕ್ಷೆಗೆ ಕರೆಯಬೇಕು.

ಹೆಸರಾಂತ ಕಂಪೆನಿಯ ಸೆಟ್ಟುಗಳ ಜೊತೆಗೆ, ಇಲ್ಲಿಯೇ ಜೋಡಿಸಿದ ಅಗ್ಗದ ಸೆಟ್ಟುಗಳೂ ಈ ರಸ್ತೆಯಲ್ಲಿ ದೊರೆಯುತ್ತವೆ. ಯಾವುದಾದರೂ ಸರಿ, ಬೆನ್ನಿನ ಮೇಲೆ ಭಾರತೀಯ ಮಾನಕ ಸಂಸ್ಥೆಯ ಗುರುತೂ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ನಕ್ಷತ್ರಗಳ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ಟು ವಿದ್ಯುತ್ ವ್ಯಯವೆಂಬುದನ್ನು ಓದಬಹುದು. 32 ಇಂಚಿಗಿಂತ ದೊಡ್ಡ ಸೆಟ್ಟುಗಳ ಮೇಲಿನ ಜಿ.ಎಸ್.ಟಿ. ಶೇಕಡ 28ರಿಂದ 18ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್ 22ರಂದು. “ಬಿಲ್ಲು ಬೇಡವೆಂದರೆ ಇನ್ನೂ ಕಡಮೆ ಮಾಡುತ್ತೇನೆ” ಎಂಬ ಸವಿಮಾತಿಗೆ ಮಾರುಹೋಗಬಾರದು. ಸೆಟ್ಟು ಕೆಟ್ಟ ದಿನ ಕೈಯಲ್ಲಿ ಉಳಿಯುವುದು ಬಿಲ್ಲೂ ವಾರಂಟಿಯ ಕಾಗದವೂ ಮಾತ್ರ.

ಚೌಕಾಶಿ ಮುಗಿದ ಮೇಲೆ ಪೆಟ್ಟಿಗೆಯನ್ನು ಮಲಗಿಸದೆ ನೆಟ್ಟಗೆ ನಿಲ್ಲಿಸಿಕೊಂಡೇ ಒಯ್ಯಬೇಕು. ಸಂಜೆಯ ಹೊತ್ತಿಗೆ ಈ ರಸ್ತೆಯಿಂದ ಹೊರಡುವ ಆಟೋಗಳಲ್ಲಿ ಅಂಥ ಪೆಟ್ಟಿಗೆಯನ್ನು ತಬ್ಬಿ ಕುಳಿತವರು ಕಾಣಸಿಗುತ್ತಾರೆ. ಅವರಲ್ಲಿ ಎಲ್ಲರಿಗಿಂತ ದೊಡ್ಡ ಪೆಟ್ಟಿಗೆ ಕೊಂಡವನೇ ಭಾಗ್ಯವಂತನೆಂದು ಹೇಳಲಾಗದು. ಬರುವ ಮುನ್ನ ಮನೆಯಲ್ಲಿ ಟೇಪು ಹಿಡಿದು ಗೋಡೆಯಿಂದ ಕುರ್ಚಿಗೆ ಅಳೆದವನು ಮಾತ್ರ ರಾತ್ರಿ ನಿಶ್ಚಿಂತೆಯಿಂದ ನಿದ್ರಿಸಬಲ್ಲನು.